ನೈಲಾನ್ ಹಗ್ಗಕ್ಕೆ ತೂಗಿದ ಬಾಗಿಲು

ಮೇ ಒಂಬತ್ತು, ಸಿಂಧನೂರಿನಲ್ಲಿ ಸುಡುಬಿಸಿಲು. ವಿದ್ಯುತ್ ಸೆಳೆತದಿಂದ ಬಣ್ಣ ಅಂಟಿಸುವ, ನಮ್ಮ ಕಂಪನಿ ಮಾರಿದ ಸ್ಪ್ರೇ ಗನ್ ಕೆಟ್ಟಿದೆಯೆಂದು ವರ್ಕ್‌ಶಾಪಿನ ಸಾಹುಕಾರರು ರಿಪೇರಿಗೆ ನನ್ನನ್ನು ಕರೆಸಿದ್ದರು. ಸಂಜೆಯೊಳಗೆ ರೈಸ್‌ಮಿಲ್ಲಿನ ಕಬ್ಬಿಣದ ಬಾಗಿಲು ಮುಗಿಯದಿದ್ದರೆ ಗನ್ ಕಂಪನಿಗೆ ವಾಪಸ್ ಎಂದಿದ್ದರು.

ಗುಂಡಿ ಒತ್ತಿದೆ. ನೀಲಿ ಬಣ್ಣ ಬಾಗಿಲು ಬಿಟ್ಟು ನನ್ನತ್ತಲೇ ತಿರುಗಿತು.

"ಗನ್ನಿಗೆ ನೀವ ಚಂದ ಕಂಡೀರಿ ನೋಡ್ರಿ," ಎಂದರು ಸಾಹುಕಾರರು.

ತಲೆಯೆತ್ತಿದೆ. ಬಾಗಿಲು ನೈಲಾನ್ ಹಗ್ಗಕ್ಕೆ ತೂಗುತ್ತಿತ್ತು.

"ಕಬ್ಬಿಣದ ಕೊಕ್ಕೆ ಎಲ್ಲಿ?"

"ಹೊಸಾವು ಅದಾವ್ರಿ. ಬಣ್ಣ ಹತ್ತಿ ಕೆಡತಾವಂತ ತೆಗೆದಿಟ್ಟೀನಿ."

ನೈಲಾನಿನಲ್ಲಿ ವಿದ್ಯುತ್ ಹರಿಯುವುದಿಲ್ಲ; ನೆಲಕ್ಕೆ ಅರ್ತಿಂಗ್ ಇಲ್ಲದ ಕಬ್ಬಿಣ ಬಣ್ಣವನ್ನು ಎಳೆದುಕೊಳ್ಳುವುದಿಲ್ಲ. ಬಾಗಿಲನ್ನು ಕೊಕ್ಕೆಗೆ ತೂಗುಹಾಕಿ, ಅರ್ತಿಂಗ್ ತಂತಿ ಕಚ್ಚಿಸಿ ಮತ್ತೆ ಒತ್ತಿದೆ. ಬಣ್ಣ ಬಾಗಿಲಿನ ಹಿಂಬದಿಗೂ ಸುತ್ತಿಕೊಂಡು ಕೂತಿತು.

ಚಾರ್ಜು ಕೇಳಿದೆ.

"ಹಗ್ಗ ಬಿಚ್ಚಿದ್ದಕ್ಕೂ ಚಾರ್ಜೇನ್ರಿ?"

ಲಿಂಗಸುಗೂರಿನ ಮನೆಗೆ ಬಂದಾಗ ಹೆಂಡತಿ ನನ್ನ ನೀಲಿ ಕಿವಿ ನೋಡುತ್ತ ಕೇಳಿದಳು: "ಏನು ಕೊಟ್ರು?"

"ಅರ್ಧ ಬಾಟ್ಲಿ ಥಿನ್ನರ್. ಮಾರಿ ತೊಳ್ಕೊಳ್ಳಾಕ."