ಹೊಗೆ ನಿಂತ ಕಾರು

ಹೊಳೆನರಸೀಪುರದ ಸುತ್ತಮುತ್ತ ಮದುವೆ ಹೆಣ್ಣು ಕಾರಿನಲ್ಲೇ ಬಂದಿಳಿಯಬೇಕು ಅಂತ ಜನ ಆಸೆಪಡಲು ಶುರುಮಾಡಿದ ಕಾಲ ಅದು. ಆಸೆ ಊರಿಗೆಲ್ಲ ಇತ್ತು, ಕಾರು ಮಾತ್ರ ನಮ್ಮ ಮನೆಯಲ್ಲಿತ್ತು, ಹಾಗಾಗಿ ಮದುವೆಗಳಿಗೆಲ್ಲ ಅದನ್ನೇ ಕರೆಯುತ್ತಿದ್ದರು. ದುಂಡು ಮೂತಿಯ, ಎಮ್ಮೆ ಬಣ್ಣದ ಹಳೇ ಕಾರು. ತಾತ ಎಲ್ಲಿಂದಲೋ ಕೊಂಡು ತಂದದ್ದಂತೆ. ತಾತ ಹೋದ ಮೇಲೆ ಅಪ್ಪನ ಕೈಗೆ ಬಂತು. ಅಪ್ಪ ನನ್ನನ್ನು ಎತ್ತಿ ಆಡಿಸಿದ್ದು ನೆನಪಿಲ್ಲ. ಆ ಕಾರಿನ ದೀಪದ ಗಾಜನ್ನು ಪಂಚೆಯ ಅಂಚಿನಿಂದ ಒರೆಸುತ್ತಿದ್ದದ್ದು ಚೆನ್ನಾಗಿ ನೆನಪಿದೆ.

ಕಾರು ನಿಂತಲ್ಲೆಲ್ಲ ಎಣ್ಣೆ ಸೋರುತ್ತಿತ್ತು. ಅಂಗಳದಲ್ಲಿ ಅದು ನಿಲ್ಲುವ ಜಾಗಕ್ಕೆ ಅಜ್ಜಿ ಬೆಳಗಾದರೆ ಒಲೆಯ ಬೂದಿ ಎರಚಿ ಗುಡಿಸುತ್ತಿದ್ದಳು. ಮಳೆ ಬಿದ್ದ ದಿನ ಆ ಕಲೆಯ ಮೇಲೆ ನೀರು ನಿಂತು ನವಿಲು ಬಣ್ಣ ಹರಡುತ್ತಿತ್ತು. ನಾನೂ ನನ್ನ ತಮ್ಮ ಮಹೇಶನೂ ಕುಂಟೆಬಿಲ್ಲೆ ಬಿಟ್ಟು ಬಂದು, ಕಡ್ಡಿಯಿಂದ ಆ ಬಣ್ಣ ಒಡೆದು ಕೂಡಿಸುತ್ತ ಕೂರುತ್ತಿದ್ದೆವು. ಎಷ್ಟು ಸೀಗೆಪುಡಿ ಹಾಕಿ ತೊಳೆದರೂ ಕೈಯ ವಾಸನೆ ಹೋಗದೆ, ಮುದ್ದೆ ಉಪ್ಸಾರಿಗೂ ಇಂಜಿನ್ ಎಣ್ಣೆಯ ರುಚಿ ಬರುತ್ತಿತ್ತು. "ಗೌಡ್ರು ಎಲ್ಲೆಲ್ಲಿಗ್ ಓಗಿದ್ರು ಅಂತ ನೆಲಾನೇ ಯೋಳ್ತದೆ ಕಣ್ಲಾ" ಎಂದು ಊರವರು ನಗುತ್ತಿದ್ದರು. ಅದೂ ಅಪ್ಪನ ಬೆನ್ನ ಹಿಂದೆ. ಎದುರಿಗೆ ಕಾರಿನ ಬಗ್ಗೆ ಹಗುರವಾಗಿ ಒಂದು ಸೊಲ್ಲು ಎತ್ತಿದರೆ, ಮನೆಗೆ ಬಂದ ನೆಂಟನಾದರೂ ಸರಿ, ಆತ ಮುಖ ತಿರುಗಿಸಿಬಿಡುತ್ತಿದ್ದ.

ಹಿಂದಿನ ಸೀಟಿನಲ್ಲಿ ಕಾಲಿಡುವ ಕಡೆ ತಗಡು ತುಕ್ಕು ತಿಂದು ತೂತಾಗಿತ್ತು. ಅಲ್ಲಿಂದ ಹೊಗೆ ಒಳಗೆ ಬರುತ್ತಿತ್ತು. ಅಪ್ಪ ತೂತಿಗೆ ಗೋಣಿತಾಟು ತುರುಕಿ ಮೇಲೆ ಚಾಪೆ ಹಾಸಿದ್ದ. ಕಿಟಕಿ ತೆರೆದು ಓಡಿಸಿದಷ್ಟು ದಿನ ಹೊಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅಪ್ಪನಿಗೆ ಒಬ್ಬಳೇ ತಂಗಿ, ಜಯತ್ತೆ. ನನಗೆ ಜಡೆ ಹೆಣೆದವಳು, ಹೇನು ಹೆಕ್ಕಿದವಳು, ಅಮ್ಮ ಹೊಡೆಯಲು ಬಂದರೆ ಸೆರಗಿನೊಳಗೆ ಬಚ್ಚಿಟ್ಟುಕೊಂಡವಳು. ಅವಳಿಗೆ ಅರಕಲಗೂಡಿನ ಗಂಡು ಗೊತ್ತಾಯಿತು. ಮದುವೆ ಗಂಡಿನ ಊರಿನಲ್ಲಿ. ಹಿಂದಿನ ದಿನ ಸಂಜೆಗೆ ಹೆಣ್ಣನ್ನು ಕರೆದೊಯ್ದು ಛತ್ರದಲ್ಲಿ ಇಳಿಸಬೇಕು. ನೆಂಟರೆಲ್ಲ ಬಸ್ಸು ಹತ್ತಿದರು. ಕಾರಿನ ಹಿಂದಿನ ಸೀಟಿನಲ್ಲಿ ಜಯತ್ತೆ, ಪಕ್ಕದಲ್ಲಿ ಕಳಸ ಹಿಡಿದು ಕಳಸಗಿತ್ತಿಯಾಗಿ ನಾನು. ಮುಂದೆ ಅಪ್ಪನ ಪಕ್ಕಕ್ಕೆ ತೆಂಗಿನಕಾಯಿ ಮೂಟೆ.

ಹೊರಡುವಾಗ ಅಜ್ಜಿ ಬಂದು ನಿಂತಳು. "ಅರಿಸಿನ ಅಚ್ಚಿದ್ ಮೈ. ಯಾರ್ ಕಣ್ಣೂ ಬೀಳ್ಕೂಡ್ದು. ಗಾಜು ಏರಿಸ್ರೀ, ಪರದೆ ಎಳೀರಿ. ಸೀರೆಗೆ ಧೂಳೂ ಆಗಕಿಲ್ಲ."

ದೃಷ್ಟಿ ತಾಗಬಾರದೆಂದು ಗಾಜು ಏರಿತು. ಎದುರಿನವರಿಗೆ ಕೈ ತೋರಿಸಲು ಅಪ್ಪ ತನ್ನ ಕಿಟಕಿಯೊಂದನ್ನು ಮಾತ್ರ ತೆರೆದಿಟ್ಟುಕೊಂಡ. ದಾರಿ ಅರ್ಧ ಸವೆಯುವಷ್ಟರಲ್ಲಿ ಮಲ್ಲಿಗೆಯ ವಾಸನೆ ಹೋಗಿ ಸುಟ್ಟ ಎಣ್ಣೆಯ ವಾಸನೆ ತುಂಬಿತು. ನನ್ನ ಕಣ್ಣು ಉರಿಯತೊಡಗಿತು, ತಲೆ ಯಾರೋ ಹಗ್ಗ ಕಟ್ಟಿ ಬಿಗಿದ ಹಾಗೆ. ಜಯತ್ತೆ ಒಂದು ಸಲ "ಅಣ್ಣಯ್ಯ, ವಸಿ ಗಾಜು ಇಳಿಸ್ಲಾ?" ಎಂದಳು. "ಇನ್ನೇನ್ ಬಂತು, ಸುಮ್ಕಿರು" ಎಂದ ಅಪ್ಪ.

ಛತ್ರದ ಬಾಗಿಲಲ್ಲಿ ಹೆಂಗಸರು ಆರತಿ ಹಿಡಿದು ನಿಂತಿದ್ದರು. ಜಯತ್ತೆ ಇಳಿದಳು, ತೂರಾಡಿದಳು, ಆರತಿ ತಟ್ಟೆಯ ಮುಂದೆಯೇ ಕುಸಿದು ಕೂತು ವಾಂತಿ ಮಾಡಿಕೊಂಡಳು. ಓಲಗ ನಿಂತಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಎಷ್ಟ್ ತಿಂಗ್ಳಂತವ್ವ?" ಎಂದು ಹಿಂದಿನಿಂದ ಒಬ್ಬಳು ಕೇಳಿದ್ದು ಎಲ್ಲರಿಗೂ ಕೇಳಿಸಿತು.

ನಾನು ಕೂಗಿದೆ. "ಕಾರ್ ತುಂಬಾ ಹೊಗೆ! ನಂಗೂ ವಾಂತಿ ಬತ್ತಾ ಐತೆ!"

ಅಪ್ಪ ಕಾರಿನ ಮೂತಿಯ ಮೇಲೆ ಕೈಯಿಟ್ಟು ನಕ್ಕ. "ಹೊಗೆನೂ ಇಲ್ಲ, ಗಿಗೆನೂ ಇಲ್ಲ. ಬಿಸ್ಲಿಗೆ ಪಿತ್ತ ಕೆದರೈತೆ, ಅಷ್ಟೆಯಾ."

ಮದುವೆ ನಿಲ್ಲಲಿಲ್ಲ. ನಿಂತಿದ್ದರೇ ಚೆನ್ನಾಗಿತ್ತು ಎಂದು ನಾನು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಆಷಾಢ ಬಂತು. ಹೊಸದಾಗಿ ಮದುವೆಯಾದ ಸೊಸೆ ಆಷಾಢದಲ್ಲಿ ಅತ್ತೆಯೊಂದಿಗೆ ಒಂದೇ ಹೊಸಿಲು ತುಳಿಯಬಾರದು, ಗಂಡನೂ ಹೆಂಡತಿಯ ತವರಿಗೆ ಬರಬಾರದು. ಹಾಗಾಗಿ ಜಯತ್ತೆ ಮನೆಗೆ ಬಂದಳು. ಮುಖದಲ್ಲಿ ಕಳೆಯೇ ಇರಲಿಲ್ಲ. ಹೊರಗೆ ಗಾಳಿಯೋ ಗಾಳಿ. ಒಳಗೆ ಒಲೆಯ ಮುಂದೆ ಹಲಸಿನ ಬೀಜ ಸುಡುತ್ತ ಅವಳು ಅಜ್ಜಿಗೆ ಹೇಳುತ್ತಿದ್ದಳು, ನಾನು ಬೀಜದ ಸಿಪ್ಪೆ ಬಿಡಿಸುತ್ತ ಕೂತಿದ್ದೆ.

"ಮೊದ್ಲು ಬಸುರಿ ಅಂದ್ರು ಕಣವ್ವ. ಆಮೇಲೆ ನಾನು ಹೊರಗಾದೆ. ಆಗ್ಲಾದ್ರೂ ಬಾಯ್ ಮುಚ್ತಾರೆ ಅಂದ್ಕಂಡೆ. ಮದ್ದು ತಿಂದು ಇಳಿಸ್ಕೊಂಡವಳೆ ಅಂತ ಈಗ. ಇವ್ರು ಬೈಯೋದಿಲ್ಲ, ಹೊಡೆಯೋದಿಲ್ಲ. ದೀಪ ಆರ್ಸಿದ್ ಮೇಲೆ ಮೆಲ್ಲಗೆ ಕೇಳ್ತಾರೆ, ಯಾರ್ದು ಅಂತ."

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಶ್ರಾವಣದಲ್ಲಿ ಜಯತ್ತೆಯ ಗಂಡ, ನಮ್ಮ ಮಾವ, ಬಂದು ಹೆಂಡತಿಯನ್ನು ಕರೆದೊಯ್ಯಬೇಕಿತ್ತು. ಇಬ್ಬರನ್ನೂ ಕಾರಿನಲ್ಲೇ ಬಿಟ್ಟುಬರುವುದು ಮರ್ಯಾದೆ. ಅದಕ್ಕೇ ಅಪ್ಪ ಚನ್ನರಾಯಪಟ್ಟಣದಿಂದ ಮೆಕ್ಯಾನಿಕ್ ಶಿವಣ್ಣನನ್ನು ಕರೆಸಿದ. ಶಿವಣ್ಣ ಬಾಯಿಬಡುಕ. ಕಾರು ಚಾಲೂ ಮಾಡಿಸಿ, "ಹಸೀ ಬಟ್ಟೆ ತತ್ತಾ ಪಾಪು, ಸೈಲೆನ್ಸರ್ ಬಾಯಿಗೆ ಒತ್ತು" ಎಂದ. ನಾನು ಹೆದರಿದೆ. ಜಯತ್ತೆ ಬಂದು ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ಒತ್ತಿ ಹಿಡಿದಳು. ಶಿವಣ್ಣ ಹಿಂದಿನ ಬಾಗಿಲು ತೆಗೆದು ಚಾಪೆ ಕಿತ್ತೆಸೆದ. ಹಿಂದೆ ಹೋಗಲು ದಾರಿಯಿಲ್ಲದ ಹೊಗೆ ಗೋಣಿತಾಟಿನ ಸಂದಿಯಿಂದ ಬುಸುಬುಸು ಎದ್ದಿತು, ಮದುವೆಯ ದಿನ ಜಯತ್ತೆ ಕಾಲಿಟ್ಟಿದ್ದ ಜಾಗದಲ್ಲೇ.

"ಮ್ಯಾಲಿಂದ ಎಣ್ಣೆ ಸೋರಿ ಕಾದ ಪೈಪಿನ್ ಮ್ಯಾಲೆ ಬೀಳ್ತಾ ಐತೆ ಸಾ. ಪೈಪಿನ ಜಾಯಿಂಟೂ ಬಿಟ್ಬುಟ್ಟೈತೆ. ಗಾಜು ಮುಚ್ಕಂಡು ಇದ್ರಾಗೆ ಕೂತವ್ರು ಬದುಕೋದೇ ಎಚ್ಚು!"

ಜಯತ್ತೆ ಬಟ್ಟೆ ಕೆಳಗೆ ಹಾಕಿದಳು. ಅವಳ ಮುಖದಲ್ಲಿ ಆ ದಿನ ಕಂಡಂಥ ಬೆಳಕನ್ನು ನಾನು ಮತ್ತೆ ನೋಡಲೇ ಇಲ್ಲ. ಓಡಿಬಂದು ಅಪ್ಪನ ಮುಂದೆ ನಿಂತಳು. "ಅಣ್ಣಯ್ಯ, ಈಗ್ಲೇ ರಿಪೇರಿ ಮಾಡಿಸ್ಬ್ಯಾಡ. ನಿನ್ ಕಾಲ್ ಹಿಡೀತೀನಿ. ಶ್ರಾವಣಕ್ಕೆ ಇವ್ರು ಬತ್ತಾರಲ್ಲ, ಗಾಜು ಏರಿಸಿ ಒಂದೇ ಒಂದ್ ಸಲ ಇದ್ರಲ್ಲಿ ಕೂರ್ಸು. ವಾಸ್ನೆ ಅವ್ರ್ ಮೂಗಿಗೇ ಹೊಡೀಲಿ. ಆಮೇಲ್ ಏನಾದ್ರೂ ಮಾಡಿಸ್ಕೊ."

ಅಪ್ಪ ಶಿವಣ್ಣನ ಕಡೆ ನೋಡಿದ, ಬೇಲಿಯಾಚೆ ನಿಂತಿದ್ದ ಇಬ್ಬರ ಕಡೆ ನೋಡಿದ. ದನಿ ಇಳಿಸಿ ಹೇಳಿದ. "ತಂಗೀನ ಹೊಗೆ ಗೂಡಲ್ಲಿ ಕೂರಿಸ್ಕಂಡ್ ಬಂದ ಅನ್ನಿಸ್ಕಬೇಕಾ ನಾನು? ನಾಳೆ ಯಾರ್ ಕರೀತಾರೆ ಈ ಕಾರ್ನ ಮದ್ವೆಗೆ?"

"ಅಂಗಾರೆ ಬಾಯಲ್ಲಾದ್ರೂ ಯೋಳು. ಶಿವಣ್ಣನ್ನೇ ಕರ್ಕಂಡ್ ಓಗಿ ಯೋಳ್ಸು."

"ನಂಗ್ಯಾಕವ್ವ ನಿಮ್ ಮನೆ ಇಚಾರ" ಎಂದು ಶಿವಣ್ಣ ಕಾರಿನ ಕೆಳಕ್ಕೆ ನುಸುಳಿಕೊಂಡ.

"ಕಾಲ ಕಳೆದ್ರೆ ಎಲ್ಲಾ ಸರಿ ಓಯ್ತದೆ" ಎಂದ ಅಪ್ಪ. ಅಷ್ಟೇ.

ಆ ಆಷಾಢವೆಲ್ಲ ನಮ್ಮ ಅಂಗಳದಲ್ಲಿ ಠಕಠಕ. ಸುಳ್ಳು ಯಾಕೆ, ನಮಗೆ ಮಕ್ಕಳಿಗೆ ಅದು ಹಬ್ಬವೇ. ಶಿವಣ್ಣ ಎಣ್ಣೆ ಸೋರದಂತೆ ಹೊಸ ಗ್ಯಾಸ್ಕೆಟ್ ಕೂರಿಸಿದ, ಪೈಪಿಗೆ ಬೆಸುಗೆ ಹಾಕಿದ, ತೂತಿಗೆ ಹೊಸ ತಗಡು ಬಡಿದ. ಸೀಮೆಎಣ್ಣೆ, ಪೇಂಟು, ಬೆಂದ ಕಬ್ಬಿಣ, ಎಲ್ಲದರ ವಾಸನೆ ಬೆರೆತು ಮನೆಗೇ ಹೊಸ ಕಳೆ ಬಂದಿತ್ತು. ಕಪ್ಪಾದ ಗೋಣಿತಾಟನ್ನು ಜಯತ್ತೆ ಹಿತ್ತಿಲಲ್ಲಿ ಎತ್ತಿಟ್ಟುಕೊಂಡಿದ್ದಳು. ಅಪ್ಪ ಅದನ್ನೂ ಕಂಡು ನೀರೊಲೆಗೆ ಹಾಕಿಸಿದ. ಆ ನೀರಿನಲ್ಲೇ ನಾವೆಲ್ಲ ಸ್ನಾನ ಮಾಡಿದೆವು.

ಶ್ರಾವಣದಲ್ಲಿ ಮಾವ ಬಂದರು. ಒಬ್ಬಟ್ಟಿನ ಊಟವಾಯಿತು. ಕಾರು ಹೊರಟಾಗ ಹಿಂದಿನ ಸೀಟಿನಲ್ಲಿ ಅತ್ತೆ, ಮಾವ, ನಡುವೆ ನಾನು. ಜಯತ್ತೆ ತಾನೇ ಎರಡೂ ಕಡೆಯ ಗಾಜು ಏರಿಸಿದಳು. ದಾರಿಯುದ್ದಕ್ಕೂ ಅವಳು ಮೂಗರಳಿಸಿ ಉಸಿರೆಳೆದುಕೊಳ್ಳುವುದು ನನಗೆ ಕೇಳುತ್ತಿತ್ತು. ಎಲ್ಲಾದರೂ ಒಂದು ಎಳೆ ಹೊಗೆ ಬರಲಿ ಎಂದು ನಾನೂ ನಮ್ಮ ಮನೆದೇವರಿಗೆ ಹರಕೆ ಹೊತ್ತೆ. ಮಲ್ಲಿಗೆ ಹೂವಿನ ವಾಸನೆ ಮಾತ್ರ ಬಂತು.

"ಕಾರು ಭಾಳ ಚೆನ್ನಾಗ್ ಮಡಗಿದ್ದೀರಿ ಭಾವ" ಎಂದರು ಮಾವ.

ಅಪ್ಪ ಕನ್ನಡಿಯಲ್ಲಿ ನೋಡಿದ. ಆ ಕನ್ನಡಿಯಲ್ಲಿ ತಂಗಿಯ ಮುಖ ಅವನಿಗೆ ಕಾಣುತ್ತಿತ್ತು. "ತಂದ ದಿನದಿಂದ ಇಂಗೇಯಾ" ಎಂದ. "ಒಂದ್ ಎಳೆ ಹೊಗೆ ಅಂತ ಕಂಡಿಲ್ಲ."

ಮಾವ ನಿಧಾನಕ್ಕೆ ತಿರುಗಿ ಹೆಂಡತಿಯನ್ನು ನೋಡಿದರು. ಜಯತ್ತೆ ಪರದೆ ಸರಿಸಿ ಹೊರಗೆ ನೋಡತೊಡಗಿದಳು, ಅರಕಲಗೂಡು ಬರುವ ತನಕ ಈ ಕಡೆ ತಿರುಗಲಿಲ್ಲ.

ಅವರ ಸಂಸಾರ ನಡೆಯಿತು, ಮಕ್ಕಳಾದರು. ಮೊದಲನೆಯವನು ಹುಟ್ಟಿದಾಗ ಆ ಮನೆಯವರು ಕೂಸಿನ ಮೂಗು, ಕಿವಿ, ಕಾಲ್ಬೆರಳುಗಳನ್ನೆಲ್ಲ ಹಿಡಿದು ಹಿಡಿದು ಯಾರ ಹೋಲಿಕೆ ಎಂದು ನೋಡಿದರಂತೆ. ಜಗಳ ಬಂದಾಗಲೆಲ್ಲ ಮಾವನ ಬಾಯಲ್ಲಿ ಕಡೆಗೆ ಉಳಿಯುತ್ತಿದ್ದದ್ದು ಒಂದೇ ಮಾತು, "ಆರತಿ ಮುಂದೆ ವಾಂತಿ ಮಾಡ್ಕಂಡೋಳಲ್ವಾ ನೀನು." ಆ ಮಾತು ಹಿಂದಕ್ಕೆ ತೆಗೆದುಕೊಳ್ಳದೆಯೇ ಅವರು ತೀರಿಹೋದರು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ಸತ್ತವರನ್ನು ಆಡಿಕೊಳ್ಳಬಾರದು ಅನ್ನುತ್ತಾರೆ. ನಾನು ಆಡಿಕೊಳ್ಳುತ್ತೇನೆ. ಆತ ಒಂದು ಮಾತು ಆಡಿದ್ದರೆ ಸಾಕಿತ್ತು.

ಈಗ ಆ ಕಾರು ಹಾಸನದಲ್ಲಿ ಮಹೇಶನ ಹತ್ತಿರ ಇದೆ. ಇಂಜಿನ್ ಬಿಚ್ಚಿಸಿ, ಎಲ್ಲೆಲ್ಲಿಂದಲೋ ಭಾಗ ತರಿಸಿ, ಕನ್ನಡಿಯ ಹಾಗೆ ಹೊಳೆಯಿಸಿದ್ದಾನೆ. ಮದುವೆ ಗೊತ್ತಾದ ಜೋಡಿಗಳು ಅದನ್ನು ಶೆಟ್ಟಿಹಳ್ಳಿಯ ಹಿನ್ನೀರಿಗೆ ಕರೆಸಿಕೊಂಡು, ಮುರಿದ ಚರ್ಚಿನ ಮುಂದೆ ಕಾರಿಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಮೊಬೈಲಿನಲ್ಲಿ ಅದನ್ನು ನೋಡಿದವರು "ಆ ಕಾಲದ ಗತ್ತೇ ಗತ್ತು" ಎಂದು ಬರೆಯುತ್ತಾರೆ. ಆ ಕಾಲದ ನವಿಲು ಬಣ್ಣ, ಸುಟ್ಟ ಹಲಸಿನ ಬೀಜ, ಬೂದಿ ಎರಚುವ ಅಜ್ಜಿ, ಯಾವುದೂ ಇಲ್ಲ ಈಗ. ಅವೆಲ್ಲ ಹೋಗುವಂಥವೇ, ಹೋದವು. ಅಣ್ಣ ಎಂಬ ಪದ ಬಾಯಿಗೆ ಬಂದಾಗ ಜಯತ್ತೆಯ ಮುಖ ಅರಳುತ್ತಿತ್ತು, ಅದೂ ಹೋಯಿತು. ಅದನ್ನು ಸರಿಮಾಡಲು ಯಾವ ಊರಿನಿಂದಲೂ ಮೆಕ್ಯಾನಿಕ್ ಬರಲಿಲ್ಲ.

ಹೋದ ವರ್ಷ ಹಾಸನದಲ್ಲಿ ಮಹೇಶನ ಮಗಳ ಮದುವೆ. ಊಟವಾದ ಮೇಲೆ ಮಹೇಶ ಕಾರನ್ನು ಛತ್ರದ ಬಾಗಿಲಿಗೇ ತಂದು ನಿಲ್ಲಿಸಿ, ಹಿಂದಿನ ಬಾಗಿಲು ತೆರೆದು ಹಿಡಿದ. "ಬನ್ನಿ ಅತ್ತೆ, ಅರಕಲಗೂಡಿಗೆ ನಾನೇ ಬಿಟ್ಬತ್ತೀನಿ. ನಿಮ್ ಮದ್ವೆ ಕಾರು."

ಜಯತ್ತೆ ನನ್ನ ತೋಳು ಹಿಡಿದು ಬಾಗಿ ಒಳಗೆ ಇಣುಕಿದಳು, ಕಾಲಿಡುವ ಜಾಗವನ್ನೇ ನೋಡಿದಳು.

"ಹೊಗೆ ಬತ್ತದೇನಪ್ಪ ಒಳಕ್ಕೆ?"

"ಎಲ್ ಬತ್ತದೆ ಅತ್ತೆ! ಒಂದ್ ಎಳೇನೂ ಬರಕಿಲ್ಲ" ಎಂದು ಮಹೇಶ ಹೆಮ್ಮೆಯಿಂದ ನಕ್ಕ. ಅಪ್ಪನದೇ ನಗು.

"ಅಂಗಾರೆ ನಂಗ್ ಬ್ಯಾಡ ಬುಡು" ಎಂದಳು ಜಯತ್ತೆ. ಬ್ಯಾಗನ್ನು ನನ್ನ ಕೈಗೆ ಕೊಟ್ಟು, ಬಸ್ ಸ್ಟ್ಯಾಂಡಿನ ಕಡೆ ನಡೆದಳು.