ಹಿತ್ತಲಿನ ಮೂರು ಕಲ್ಲು

ತೊಂಬತ್ತರ ದಶಕದ ನಡುವೆ ನಾನು ಹೊಗೆಯಿಲ್ಲದ ಒಲೆ ಹಾಕಿಸುವ ಕೆಲಸದಲ್ಲಿದ್ದೆ. ಸೌದೆ ಉಳಿಯುತ್ತದೆ, ಕಾಡು ಉಳಿಯುತ್ತದೆ, ಹೆಂಗಸರ ಎದೆಯೂ ಉಳಿಯುತ್ತದೆ ಎಂದು ಮನೆಮನೆಗೆ ಹೇಳಿಕೊಂಡು ತಿರುಗುವುದು. ನಾಲಿಗೆಯೇನೋ ಉದ್ದವಿತ್ತು. ಆದರೆ ರಾಮಕೃಷ್ಣನಗರದಿಂದ ಕುಂಬಾರಕೊಪ್ಪಲಿಗೆ ಸೈಕಲ್ ತುಳಿಯುವಾಗ ದಿನವೂ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತಿತ್ತು.

ಅಲ್ಲಿ ನಾನು ತಿರುಗುತ್ತಿದ್ದ ಬೀದಿಯಲ್ಲಿ ಮೊದಲು ಒಪ್ಪಿದವಳು ಒಬ್ಬಳೇ. ನನ್ನದೇ ವಯಸ್ಸು, ಎರಡು ಮಕ್ಕಳು, ಬಿಡದ ಕೆಮ್ಮು. ಅತ್ತೆ ಬೇಡವೆಂದರೂ ಹಳೆಯ ಒಲೆ ಒಡೆಸಿದಳು. ಹೊಸದಕ್ಕೆ ನಾವಿಬ್ಬರೇ ಮಣ್ಣು ಕಲಸಿ, ಹೆಂಚು ಸರಿಸಿ ಹೊಗೆಕೊಳವೆ ಏರಿಸಿದೆವು. ಈ ಒಲೆ ಕೈಕೊಟ್ಟರೆ ಬೀದಿಗೆ ಬೀದಿಯೇ ನನ್ನನ್ನು ಕೈಬಿಡುತ್ತದೆ, ಅವಳ ಕೆಮ್ಮೂ ಹಾಗೇ ಉಳಿಯುತ್ತದೆ ಎಂಬ ದಿಗಿಲು ನನಗೆ. ವಾರವಾರ ಹೋಗಿ ವಿಚಾರಿಸುತ್ತಿದ್ದೆ. ಒಲೆ ಸಾರಿಸಿ ರಂಗೋಲಿ ಎಳೆದಿರುತ್ತಿದ್ದಳು. ಚೆನ್ನಾಗಿ ಉರಿಯುತ್ತದೆ, ಕೆಮ್ಮೂ ಕಡಿಮೆ ಎನ್ನುತ್ತಿದ್ದಳು. ನಾನಿದ್ದಷ್ಟು ಹೊತ್ತೂ ಸೆರಗನ್ನು ಬಾಯಿಗೆ ಒತ್ತಿಕೊಂಡಿರುತ್ತಿದ್ದಳು, ನಾಚಿಕೆ ಇರಬೇಕೆಂದುಕೊಂಡೆ. ಅವಳ ಮಾತನ್ನೇ ಅಕ್ಕಪಕ್ಕದಲ್ಲಿ ಹೇಳಿ ಇನ್ನೂ ಎಂಟು ಮನೆಗಳಲ್ಲಿ ಒಲೆ ಹಾಕಿಸಿದೆ.

ಆದರೂ ಒಳಗೊಳಗೇ ಅನುಮಾನ. ತಿಂಗಳುಗಟ್ಟಲೆ ಉರಿದ ಒಲೆಯ ಬಾಯಲ್ಲಿ ಮಸಿಯೇ ಇಲ್ಲವಲ್ಲ? ಕೇಳಲು ಧೈರ್ಯವಿರಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದೆ.

ಒಂದು ಬೆಳಿಗ್ಗೆ ಹೇಳದೆ ಹೋದೆ. ಬಾಗಿಲು ತೆರೆದಿತ್ತು, ಒಲೆ ತಣ್ಣಗಿತ್ತು. ಹಿತ್ತಲಿನಿಂದ ಕೆಮ್ಮು ಕೇಳಿಸಿತು. ಅಲ್ಲಿ ಮೂರು ಕಲ್ಲಿನ ಮೇಲೆ ಪಾತ್ರೆ ಇಟ್ಟು, ಹಸಿ ಸೌದೆಯ ಹೊಗೆಯ ನಡುವೆ, ಕವೆಗೋಲಿನಿಂದ ಪಾತ್ರೆ ಅದುಮಿ ಹಿಡಿದು, ಮೈಭಾರವೆಲ್ಲ ಬಿಟ್ಟು ಅವಳು ಮುದ್ದೆ ತೊಳಸುತ್ತಿದ್ದಳು.

ಹಾಕಿದ ವಾರಕ್ಕೇ ಮುದ್ದೆ ತೊಳಸುವ ರಭಸಕ್ಕೆ ಒಲೆ ಬಿರುಕು ಬಿಟ್ಟಿತ್ತಂತೆ. ಬಿರುಕಿಗೆ ಮಣ್ಣು ಮೆತ್ತಿ, ನಾನು ಬರುವ ದಿನ ಕಾಫಿ ಮಾತ್ರ ಅದರ ಮೇಲೆ ಕಾಯಿಸುತ್ತಿದ್ದಳು.

"ನಿಮ್ ಕೆಲ್ಸಕ್ಕೆ ಎಲ್ಲಿ ತೊಂದ್ರೆ ಆಗ್ಬುಡುತ್ತೋ ಅಂತ ಏಳ್ಲಿಲ್ಲ ಅಕ್ಕಾ" ಎಂದಳು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮ ಮನೆಯಲ್ಲಿ ಎರಡು ಹೊತ್ತೂ ಅನ್ನ. ಎಲ್ಲೋ ಮುದ್ದೆ ಉಂಡಿದ್ದೆ, ತೊಳಸುವುದನ್ನು ಕಣ್ಣಾರೆ ನೋಡಿರಲಿಲ್ಲ. ಒಲೆಗೆ ಅಷ್ಟು ಪೆಟ್ಟು ಬೀಳುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಸೊಪ್ಪು ಬಿಡಿಸುತ್ತ ಕೂತಿದ್ದ ಅತ್ತೆ ಬೈಯುತ್ತಾರೆಂದು ಕಾದೆ. ಅವರು ತಲೆಯೆತ್ತದೆ ಕೇಳಿದರು: "ಒಲೆ ಆಕೋಕ್ ಮುಂಚೆ ಏನ್ ಉಣ್ತೀರಿ ಅಂತ ಒಂದ್ ಮಾತು ಕೇಳ್ಬೋದಿತ್ತಲ್ಲವ್ವಾ?"

ಅಲ್ಲಿಂದ ಉಳಿದ ಎಂಟು ಮನೆಗಳಿಗೂ ಹೋದೆ. ಮುಂಬಾಗಿಲಲ್ಲಿ ನಿಲ್ಲಲಿಲ್ಲ, ಹಿತ್ತಲು ತೋರಿಸಿ ಎಂದೆ. ಎಲ್ಲ ಹಿತ್ತಲಲ್ಲೂ ಮೂರು ಕಲ್ಲು, ಬೂದಿ ಇನ್ನೂ ಬಿಸಿಯಾಗಿತ್ತು. ಚೀಲದಲ್ಲಿದ್ದ ನನ್ನ ಪುಸ್ತಕದಲ್ಲಿ ಒಂಬತ್ತೂ ಮನೆಗಳ ಹೆಸರಿನ ಮುಂದೆ ‘ಕೆಮ್ಮು ಕಡಿಮೆ’ ಎಂದು ನಾನೇ ಬರೆದಿದ್ದೆ.