ಬೆಳ್ಳಕ್ಕಿಯ ಸುತ್ತ ಬಿಳಿ ಗೆರೆ

ಇವತ್ತು ಬೆಳಿಗ್ಗೆ ಕ್ಯಾಮೆರಾ ಬ್ಯಾಗು ಝಾಡಿಸುವಾಗ ತಳದಿಂದ ಖಣದ ಬಟ್ಟೆಯ ಪುಟ್ಟ ಚೀಲವೊಂದು ಬಿತ್ತು. ಒಳಗೆ ಜೋಳ. ನುಸಿ ಹಿಡಿದು ಅರ್ಧ ಹಿಟ್ಟಾಗಿತ್ತು, ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ನೀರಿನ ದಂಡೆಯಲ್ಲಿ ಬೋರಲು ಮಲಗಿ ಲೆನ್ಸನ್ನು ಇದರ ಮೇಲಿಟ್ಟರೆ ಅಲುಗುವುದಿಲ್ಲ ಎಂದು ನನಗಾಗಿ ಹೊಲಿಸಿ ಕೊಟ್ಟವರು ಸ್ಟುಡಿಯೋ ಕಾಕಾ. ವಾಸನೆಯ ಜೊತೆಗೇ ಸಿಟ್ಟೂ ನೆತ್ತಿಗೇರಿತು.

ಬೆಳಗಾವಿಯ ಶಿವಬಸವ ನಗರದಲ್ಲಿ ಅವರ ಸ್ಟುಡಿಯೋ ಇತ್ತು. ಮದುವೆ, ತೊಟ್ಟಿಲು, ಪಾಸ್‌ಪೋರ್ಟ್ ಫೋಟೋ. ನಾನು ಆಗಷ್ಟೇ ನೌಕರಿಗೆ ಸೇರಿ ಕ್ಯಾಮೆರಾ ಕೊಂಡಿದ್ದೆ. ಭಾನುವಾರ ನಸುಕಿಗೆ ಅವರು ತಮ್ಮ ಸ್ಕೂಟರಿನಲ್ಲಿ, ನಾನು ನನ್ನ ಗಾಡಿಯಲ್ಲಿ, ಖಾನಾಪುರದ ಕಡೆ ಹೋಗುತ್ತಿದ್ದೆವು. ಮಲಪ್ರಭೆ ಮಡುಗಟ್ಟಿದ ಕಡೆ, ಮರಗಳ ನೆರಳಿಗೆ ಕಪ್ಪಾದ ನೀರಿನಲ್ಲಿ ಬೆಳ್ಳಕ್ಕಿಗಳು ನಿಲ್ಲುತ್ತಿದ್ದವು. ಕಲಿಸುವುದರಲ್ಲಿ ಅವರು ಮೋಸ ಮಾಡಲಿಲ್ಲ, ಅಷ್ಟನ್ನು ಒಪ್ಪುತ್ತೇನೆ. ಕಪ್ಪು ನೀರನ್ನು ಕಂಡ ಕ್ಯಾಮೆರಾ ಕತ್ತಲೆಯೆಂದು ತಿಳಿದು ಬೆಳಕನ್ನು ಹೆಚ್ಚು ಒಳಬಿಡುತ್ತದೆ, ಹಕ್ಕಿ ಸುಣ್ಣದ ಮುದ್ದೆಯಾಗುತ್ತದೆ. "ಬೆಳಕ ಕಡಿಮಿ ಮಾಡವ್ವ. ನೀರು ಇನ್ನಷ್ಟು ಕಪ್ಪಾದ್ರ ಆಗ್ಲಿ. ಬಿಳಿಯೊಳಗ ಗರಿ ಕಾಣಬೇಕು," ಎನ್ನುತ್ತಿದ್ದರು.

ಅದೇ ಮನುಷ್ಯ ಕಂಪ್ಯೂಟರ್ ಮುಂದೆ ಕುಳಿತರೆ ಕೆಟ್ಟ. ಮದುವೆ ಗಿರಾಕಿಗಳಿಗೆ ಜರಿಯ ಎಳೆ ಎಳೆ, ಒಡವೆಯ ಕಲ್ಲು ಕಲ್ಲು ಎದ್ದು ಕಾಣಬೇಕು. ಹಾಗೆ ಮಾಡಿ ಮಾಡಿ, ಶಾರ್ಪ್ ಮಾಡುವ ಸ್ಲೈಡರನ್ನು ತುದಿಯವರೆಗೂ ಎಳೆಯದಿದ್ದರೆ ಅವರಿಗೆ ಸಮಾಧಾನವೇ ಇಲ್ಲ. ಎಳೆದರೆ ಬಿಳಿ ಹಕ್ಕಿಗೂ ಕಪ್ಪು ನೀರಿಗೂ ನಡುವೆ ಒಂದು ಬಿಳಿ ಗೆರೆ ಏಳುತ್ತದೆ, ಹಕ್ಕಿಯನ್ನು ಕತ್ತರಿಸಿ ಅಂಟಿಸಿದ ಹಾಗೆ. ನೀರಿನ ಮೇಲೆಲ್ಲ ರವೆ ಚೆಲ್ಲಿದಂತೆ ಕಾಳು ಕಾಳು. ನಾನು ತೋರಿಸಿದರೆ, ಗಿರಾಕಿ ಅದನ್ನೆಲ್ಲ ನೋಡುವುದಿಲ್ಲ, ಫೋಟೋ ಖಡಕ್ ಇರಬೇಕು ಎಂದು ನಕ್ಕುಬಿಡುತ್ತಿದ್ದರು.

ಒಂದು ಮುಂಜಾನೆ ನನಗೆ ಸಿಕ್ಕಿತು... ಬೆಳ್ಳಕ್ಕಿ ಮೀನು ಹಿಡಿದು ಕತ್ತೆತ್ತಿದ ಗಳಿಗೆ. ಕೊಕ್ಕಿನಿಂದ ನೀರಿನವರೆಗೆ ಹನಿಗಳ ಒಂದು ದಾರ. ಒಂದೊಂದು ಗರಿಯೂ ಬೇರೆ ಬೇರೆ. ಪ್ರಿಂಟ್ ಹಾಕಿ ಕೊಡಿ ಎಂದು ಕ್ಯಾಮೆರಾದ ಕಾರ್ಡನ್ನು ಅವರ ಕೈಗೇ ಕೊಟ್ಟೆ. ಮುಂದೆ ಊರಿನಲ್ಲಿ ಫೋಟೋ ಪ್ರದರ್ಶನ ನಡೆದಾಗ, ನಿನ್ನ ಬೆಳ್ಳಕ್ಕಿಯನ್ನೂ ಇಟ್ಟಿದ್ದೇನೆ, ಮನೆಯವರನ್ನು ಕರೆದುಕೊಂಡು ಬಾ ಎಂದರು. ಅವ್ವ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟಳು. ರಾಮತೀರ್ಥ ನಗರದಿಂದ ಆಟೋದಲ್ಲಿ ಹೋದೆವು.

ಬಾಗಿಲಿಗೆ ಎದುರಾಗಿಯೇ ನನ್ನ ಬೆಳ್ಳಕ್ಕಿ. ಸುತ್ತ ಬಿಳಿ ಗೆರೆ, ಕೆಳಗೆ ಕಾಕಾರ ಹೆಸರು. ಅವರ ಹೆಗಲ ಮೇಲೆ ಬಹುಮಾನದ ಶಾಲು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಅವ್ವ ಕನ್ನಡಕ ಸರಿಪಡಿಸಿಕೊಂಡು ಮತ್ತೊಮ್ಮೆ ಓದಿ, "ಹೆಸರು ನಿಂದಲ್ಲಲ್ಲ?" ಎಂದಳು.

ನಾನು ಎಲ್ಲರೆದುರೇ ಕಾಕಾರನ್ನು ಕೇಳಿದೆ. ಅವರಿಗೆ ಕಿಂಚಿತ್ತೂ ಮುಜುಗರವಾಗಲಿಲ್ಲ.

"ಜಾಗಾ ತೋರಿಸಿದಾಂವ ನಾ. ಬೆಳಕ ಎಷ್ಟ ಬಿಡಬೇಕು ಅಂತ ಹೇಳಿದಾಂವ ನಾ. ನೀ ಬಟನ್ ಒತ್ತೀದಿ, ಅಷ್ಟ."

ಸುತ್ತ ನಿಂತವರು ನಕ್ಕರು. ಮರಳುವಾಗ ಆಟೋದಲ್ಲಿ ಅವ್ವ ಸೆರಗಿನ ಅಂಚು ತೀಡುತ್ತ ಹೊರಗೇ ನೋಡುತ್ತಿದ್ದಳು. ಮಗಳು ಸುಳ್ಳು ಹೇಳಿ ಕರೆತಂದಳು ಎಂದುಕೊಂಡಳೋ ಏನೋ... ನಾನು ಕೇಳಲಿಲ್ಲ.

ಆಮೇಲೆ ಸ್ಟುಡಿಯೋದ ಓಣಿಗೆ ಕಾಲಿಡುವುದನ್ನೇ ಬಿಟ್ಟೆ. ಕಾಕಾ ಒಂದು ಸಲ, ನಾಲ್ಕು ಜನರ ಮುಂದೆ, ಅದು ಅವಳದು ಎಂದುಬಿಡಲಿ ಎಂದು ಕಾದೆ. ಅವ್ವ ಕೇಳುವ ಹಾಗೆ ಅಂದರೆ ಸಾಕಿತ್ತು. ಅನ್ನಲಿಲ್ಲ. ಅವ್ವ ತೀರಿಹೋದಳು. ಉಪ್ಪು ತಿಂದವನು ನೀರು ಕುಡಿಯಲೇಬೇಕು, ನನಗೂ ಒಂದು ದಿನ ಬರುತ್ತದೆ ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಬಂತು. ಈ ವರ್ಷ ಕಾಕಾ ತೀರಿಕೊಂಡ ಸುದ್ದಿಯ ಬೆನ್ನಿಗೇ ಅವರ ಹೆಂಡತಿ ಫೋನು ಮಾಡಿದರು. ಊರವರ ಫೋಟೋ ಎಲ್ಲ ತೆಗೆದವರದೇ ಒಂದು ಒಳ್ಳೆಯ ಫೋಟೋ ಮನೆಯಲ್ಲಿರಲಿಲ್ಲವಂತೆ, ಶಿವಗಣಾರಾಧನೆಗೆ ಇಡಲು ಬೇಕಿತ್ತಂತೆ. ನನ್ನ ಹತ್ತಿರ ಇತ್ತು. ಖಾನಾಪುರದ ಅದೇ ಮಡುವಿನ ದಂಡೆ, ಕಪ್ಪು ನೀರಿನೆದುರು ಅವರ ಬೆಳ್ಳಗಿನ ತಲೆ. ಬೆಳ್ಳಕ್ಕಿಗೆ ಮಾಡಿದಂತೆಯೇ ಬೆಳಕು ಇಳಿಸಿ ತೆಗೆದಿದ್ದೆ.

ಸ್ಲೈಡರನ್ನು ತುದಿಯವರೆಗೂ ಎಳೆದೆ. ಹಾಯೆನಿಸಿತು. ಸುಕ್ಕುಗಳು ಬಿರುಕಾದವು, ಗಡ್ಡ ಮುಳ್ಳಾಯಿತು, ತಲೆಯ ಸುತ್ತ ದಪ್ಪನೆಯ ಬಿಳಿ ಗೆರೆ ಎದ್ದಿತು. ನನ್ನ ಹಕ್ಕಿ ತೂಗಿದ ಹಾಗೆ ನೀವೂ ಗೋಡೆಗೆ ತೂಗಿರಿ ಕಾಕಾ, ಮೊಮ್ಮಕ್ಕಳ ಕಾಲದವರೆಗೂ ತೂಗಿರಿ ಎಂದು ಫ್ರೇಮು ಹಾಕಿಸಿ ಒಯ್ದು ಕೊಟ್ಟೆ.

ಆರಾಧನೆಯ ದಿನ ಫೋಟೋಕ್ಕೆ ವಿಭೂತಿ ಹಚ್ಚಿ ಹಾರ ಹಾಕಿದ್ದರು. ಕಾಕಾರ ಹೆಂಡತಿ ನನ್ನ ಕೈ ಹಿಡಿದು ಅದರ ಮುಂದೆ ನಿಲ್ಲಿಸಿದರು.

"ನೋಡವ್ವ, ತಲಿ ಸುತ್ತ ಬೆಳಕ ಮೂಡೈತಿ. ಶರಣರ ಪಟದಾಗ ಇರ್ತೈತಲ್ಲ, ಹಂಗ."

ಬಂದವರೆಲ್ಲ ಹೌದೌದೆಂದು ಕೈ ಮುಗಿದರು. ಕಾಕಾರ ಹಳೆಯ ಜೊತೆಗಾರ, ಇನ್ನೊಂದು ಸ್ಟುಡಿಯೋದವರು, ಹತ್ತಿರ ಹೋಗಿ ನೋಡಿ ತಲೆದೂಗಿದರು. "ತಾನ ಮಾಡಿಟ್ಟು ಹೋಗ್ಯಾನ. ಇಷ್ಟ ಖಡಕ್ ಫೋಟೋ ಬೆಳಗಾವ್ಯಾಗ ಮತ್ಯಾರ ಮಾಡ್ತಾರ?"

ನನ್ನದು ಎನ್ನಲು ಬಾಯಿ ತೆರೆದೆ. ಅಂದರೆ ಆ ಹಾಳು ಕೆಲಸ ನನ್ನದಾಗುತ್ತಿತ್ತು. ಅನ್ನದಿದ್ದರೆ ನನ್ನ ಇನ್ನೊಂದು ಫೋಟೋ ಕಾಕಾರ ಹೆಸರಿಗೆ. ಸತ್ತ ಮೇಲೂ ಗೆದ್ದುಬಿಟ್ಟಿದ್ದರು. ಎಲ್ಲರಂತೆ ಹೂವಿಟ್ಟು ಬಂದೆ.

ಈಗ ನುಸಿ ಜೋಳವನ್ನು ಅಂಗಳಕ್ಕೆ ಸುರುವಿ ಬಂದು, ಕೈ ಹಚ್ಚದೆ ಇಟ್ಟಿದ್ದ ಆ ಮೂಲ ಫೋಟೋ ತೆರೆದು ಕುಳಿತಿದ್ದೇನೆ. ಬಿಳಿ ಕೂದಲಿನಲ್ಲಿ ಎಳೆ ಎಳೆ ಕಾಣುತ್ತದೆ, ಅವರು ಹೇಳಿಕೊಟ್ಟ ಹಾಗೆಯೇ... ನನ್ನತ್ತ ತಿರುಗಿ ನಗುತ್ತಿದ್ದಾರೆ. ನೀರಿನ ಬೆಳಕನ್ನು ಹಾಗೆ ಹೇಳಿಕೊಡುವವರು ಮತ್ತೆ ಸಿಗಲಿಲ್ಲ. ಜಗಳ ಹಾಗೇ ಉಳಿದಿದೆ, ಆಡಬೇಕಾದವರು ಇಲ್ಲ. ಆದರೆ ಈ ಫೋಟೋ ಆ ಮನೆಗೆ ಹೋಗುವುದಿಲ್ಲ. ಇದರ ಬಟನ್ ಒತ್ತಿದವಳು ನಾನು.